ಹತ್ತು ಕಾಲಿನ ಕಾಲ್ಗುಣ

"ಏಡಿನಾ? ನನ್ನ ಜಾಗಕ್ಕೆ ಏಡಿನಾ? ಹದಿನೆಂಟು ವರ್ಷದಿಂದ ಕ್ರಿಸ್ಮಸ್ ಬೆಳಿಗ್ಗೆ ಈ ಮನೆ ಹೊಸ್ತಿಲು ಮೊದಲು ತುಳೀತಿರೋನು ನಾನು. ಇವತ್ತು ಬಂದ್ರೆ 'ಬೇರೆಯವರು ಬಂದಾಯ್ತು' ಅಂತೀರಲ್ಲ, ಆ ಬೇರೆಯವರು ಒಂದು ಏಡಿನಾ?"

ಒಬ್ರಾದ್ ಬಾಗಿಲಲ್ಲೇ ನಿಂತು ಕೂಗುತ್ತಿದ್ದ. ಟೈರ್ ಪಂಕ್ಚರ್ ಹಾಕುವವನು. ದೇಹವೂ ಲಾರಿ ಟೈರಿನಂತೆಯೇ. ಕೈಯಲ್ಲಿ ಹಬ್ಬಕ್ಕೆಂದು ತಂದ ಓಕ್ ಮರದ ರೆಂಬೆ. ಸಿಟ್ಟಿಗೆ ಅದನ್ನು ಬೀಸಿ ಬೀಸಿ ಒಣ ಎಲೆಗಳೆಲ್ಲ ಮೆಟ್ಟಿಲ ಮೇಲೆ ಉದುರಿ, ಕೊನೆಗೆ ಬರೀ ಕಡ್ಡಿ ಉಳಿದಿತ್ತು.

"ಮೆತ್ತಗೆ ಮಾತಾಡು ಕೂಮಾ, ಕೆಳಗಡೆಯವರಿಗೆ ಕೇಳ್ಸುತ್ತೆ" ಎಂದ ರಾದೆಂಕೊ.

"ಕೇಳ್ಲಿ! ಇಡೀ ಚಾಚಕ್ ಊರಿಗೇ ಕೇಳ್ಲಿ!"

ಒಳಗಿನಿಂದ ರಾದೆಂಕೊನ ಅತ್ತೆ ಸ್ತಮೆಂಕಾಳ ದನಿ ಬಂತು. "ಬಾಗಿಲು ಹಾಕೋ ರಾದೆಂಕೊ! ಅತಿಥಿಗೆ ಥಂಡಿ ಗಾಳಿ ತಗಲುತ್ತೆ!"

"ನೀರೊಳಗೆ ಬಿದ್ದಿರೋದಕ್ಕೆ ಯಾವ ಗಾಳಿ ತಗಲುತ್ತೆ ಅಜ್ಜಿ? ಇಪ್ಪತ್ತು ನಿಮಿಷದಿಂದ ಹಿಮದಲ್ಲಿ ನಡೆದು ಬಂದೋನು ನಾನು!"

"ನೀನು ಏಳೂವರೆಗೆ ಬಂದೆ. ಅವನು ಐದಕ್ಕೇ ಬಂದ. ಬೇಗ ಏಳೋದು ಕಲಿ."

ಕೂಮ ಎಂದರೆ ಮದುವೆಗೆ ಸಾಕ್ಷಿ ನಿಂತವನು, ಮಕ್ಕಳಿಗೆ ಹೆಸರಿಡುವವನು. ಒಡಹುಟ್ಟಿದವರ ಜೊತೆ ಹತ್ತು ವರ್ಷ ಮಾತು ಬಿಟ್ಟರೂ ಯಾರೂ ಕೇಳುವುದಿಲ್ಲ. ಕೂಮನ ಜೊತೆ ಹತ್ತು ನಿಮಿಷ ಬಿಟ್ಟರೆ ಊರೇ ಕೇಳುತ್ತದೆ. ಅಂಥವನನ್ನು ರಾದೆಂಕೊ ಹೊಸ್ತಿಲಾಚೆ ನಿಲ್ಲಿಸಿದ್ದ. ಬೇಕೆಂದು ಅಲ್ಲ. ಒಳಗೆ ಕರೆದರೆ ಅತ್ತೆ ಬಿಡುವುದಿಲ್ಲ, ಹೊರಗೆ ಕಳಿಸಿದರೆ ಕೂಮ ಬಿಡುವುದಿಲ್ಲ ಎಂದು ಬಾಗಿಲನ್ನು ಅರ್ಧ ತೆರೆದು, ತಾನೂ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದ. ಅವನ ಸ್ವಭಾವವೇ ಅದು.

ಅಡುಗೆಮನೆಯಿಂದ ಹೆಂಡತಿ ದೆಸಾಂಕಾ ಬಂದಳು. ಬೆಳಗಿನ ನಾಲ್ಕರಿಂದ ಒಲೆಯ ಮುಂದೆ ನಿಂತು ಅವಳ ಮುಖ ಹುರಿದ ಹಂದಿಯ ಬಣ್ಣಕ್ಕೆ ತಿರುಗಿತ್ತು.

"ರಾದೆಂಕೊ, ಒಂದು ಮಾತು ಹೇಳು. ಆ ಪ್ರಾಣಿ ಇರುತ್ತೋ, ಹೋಗುತ್ತೋ?"

"ಮೊದಲು ಅದು ಯಾವುದು ಅಂತ ಗುರುತಿಸೋಣ ಕಣೇ."

"ನಾನು ಕೇಳಿದ್ದು ಅದಲ್ಲ."

"ಗುರುತಿಸದೆ ಹೇಗೆ ಹೇಳೋದು? ಶಾಸ್ತ್ರ ಅಂತ ಒಂದಿದೆ."

ದೆಸಾಂಕಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಸರಿ. ಹಳೇ ಪಂಚಾಂಗದ ಪ್ರಕಾರ ಇವತ್ತು, ಜನವರಿ ಏಳಕ್ಕೆ, ಕ್ರಿಸ್ಮಸ್. ಹದಿನಾಲ್ಕಕ್ಕೆ ಹೊಸವರ್ಷ. ಇನ್ನು ಏಳು ದಿನ ಇದೆ. ಅಷ್ಟರಲ್ಲಿ ನೀನು ತೀರ್ಮಾನ ಮಾಡು. ಇಲ್ಲಾಂದ್ರೆ ನಾನು ಮಾಡ್ತೀನಿ."

ಈ ಮಾತು ಯಾರ ಕಿವಿಗೂ ಬೀಳಲಿಲ್ಲ. ಒಬ್ರಾದ್ ಉಳಿದ ಕಡ್ಡಿಯನ್ನು ನೆಲಕ್ಕೆಸೆದು, "ಅದು ಈ ಮನೇಲಿರೋವರೆಗೂ ನಾನು ಈ ಮನೆ ಹೊಸ್ತಿಲು ತುಳಿಯಲ್ಲ!" ಎಂದು ದಡದಡ ಮೆಟ್ಟಿಲಿಳಿದು ಹೋಗಿದ್ದ.

ಸರ್ಬಿಯಾ ದೇಶಕ್ಕೆ ಸಮುದ್ರವಿಲ್ಲ. ರಾದೆಂಕೊನ ಮನೆಗಿದೆ. ನಾಲ್ಕನೇ ಮಹಡಿ, ಹದಿನಾಲ್ಕನೇ ನಂಬರಿನ ಫ್ಲ್ಯಾಟು, ಟೀವಿ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿ ತುಂಬ ಮುನ್ನೂರು ಲೀಟರು ಉಪ್ಪುನೀರು. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಮೀನು, ಮೀಸೆ ಅಲ್ಲಾಡಿಸುವ ಒಂದು ಸಿಗಡಿ, ಐದಾರು ಬಗೆಯ ಹವಳ, ನೀಲಿ ದೀಪ. ರಾದೆಂಕೊನ ಕೆಲಸ ಊರವರ ನಲ್ಲಿಯ ಮೀಟರು ಓದುವುದು. ಆದರೆ ಯಾರಾದರೂ ಹೊಸಬರು ಸಿಕ್ಕರೆ "ನಾನು ನೀರಿನ ಕ್ಷೇತ್ರದಲ್ಲಿದ್ದೇನೆ, ವಿಶೇಷವಾಗಿ ಸಾಗರ ಜೀವಿಗಳು" ಎಂದು ಪರಿಚಯ ಮಾಡಿಕೊಳ್ಳುತ್ತಿದ್ದ.

ಇಂಥ ತೊಟ್ಟಿ ಇಟ್ಟವರಿಗೆ ಜೀವಂತ ಕಲ್ಲು ಅಂತ ಒಂದು ಬೇಕು. ಸಮುದ್ರದ ತಳದಿಂದ ಎತ್ತಿದ, ಮೈಯೆಲ್ಲ ತೂತಿರುವ ಕಲ್ಲು. ಅದರ ತೂತುಗಳಲ್ಲಿ ಟಿಕೆಟ್ ತೆಗೆಯದೆ ಕೂತು ಬರುವ ಹುಳು, ಶಂಖ, ನಕ್ಷತ್ರಮೀನುಗಳಿಗೆ ಲೆಕ್ಕವಿಲ್ಲ. ಹಾಗೆ ಬಂದಿಳಿದವನು ಸಾಧುವೋ ಕಳ್ಳನೋ ಎಂದು ಗುರುತು ಹಚ್ಚುವುದರಲ್ಲೇ ಈ ಹುಚ್ಚಿನವರ ಅರ್ಧ ಆಯುಸ್ಸು ಕಳೆಯುತ್ತದೆ. ಇನ್ನರ್ಧ ಗಾಜು ಒರೆಸುವುದರಲ್ಲಿ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಎಲ್ಲರೂ ಪದ್ಧತಿಯಂತೆ ನೆಲಕ್ಕೆ ಹುಲ್ಲು ಹಾಸಿ, ಮೂಲೆಗಳಿಗೆ ಅಕ್ರೋಟು ಎಸೆದು ಪ್ರಾರ್ಥನೆ ಮಾಡುತ್ತಿದ್ದಾಗ, ರಾದೆಂಕೊ ಬೆಲ್‌ಗ್ರೇಡಿನಿಂದ ಆಗಷ್ಟೇ ಬಂದ ಹೊಸ ಕಲ್ಲನ್ನು ತೊಟ್ಟಿಗೆ ಇಳಿಸುತ್ತಿದ್ದ. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಬೆಳಿಗ್ಗೆ ಐದಕ್ಕೆ ಸ್ತಮೆಂಕಾ ಎದ್ದು ಮೇಣದ ಬತ್ತಿ ಹಚ್ಚಿದಳು. ಎಪ್ಪತ್ತೆಂಟರ ಮುದುಕಿ, ಆದರೆ ಕಣ್ಣು ಗಿಡುಗನದು. ನೋಡುತ್ತಾಳೆ: ತೊಟ್ಟಿಯ ಹೊಸ ಕಲ್ಲಿನ ತೂತಿನಿಂದ, ಅರ್ಧ ಅಂಗೈಯಗಲದ ಒಂದು ಏಡಿ ಹೊರಬಂದು, ಗಾಜಿನವರೆಗೂ ನಡೆದು ಬಂದು, ಬಲಗೈ ಎತ್ತಿತು. ಎತ್ತಿದ್ದು ನಮಸ್ಕಾರಕ್ಕೋ ಹೊಡೆಯುವುದಕ್ಕೋ ಎಂದು ಕೇಳುವ ಹೊತ್ತು ಅದಲ್ಲ. ಕ್ರಿಸ್ಮಸ್ ಬೆಳಿಗ್ಗೆ ಮನೆಗೆ ಮೊದಲು ಕಾಲಿಟ್ಟವನ ಕಾಲ್ಗುಣವೇ ಇಡೀ ವರ್ಷದ ಹಣೆಬರಹ. ಅವಳ ತವರಿನಲ್ಲಿ ಅಪ್ಪ ಈ ಕೆಲಸಕ್ಕೆ ಎತ್ತನ್ನೇ ಒಳಗೆ ಹೊಡೆದುಕೊಂಡು ಬರುತ್ತಿದ್ದ. ಎತ್ತಿಗಾಗುವುದು ಏಡಿಗೆ ಏಕಾಗಬಾರದು?

"ಕ್ರಿಸ್ತ ಹುಟ್ಟಿದ!" ಎಂದು ಹಬ್ಬದ ಶುಭಾಶಯ ಕೂಗಿದಳು. ಏಡಿ ಬಾಯಿ ಆಡಿಸಿತು. "ನಿಜವಾಗಿ ಹುಟ್ಟಿದ" ಎಂದು ಉತ್ತರ ಕೊಟ್ಟಿತೆಂದು ಅವಳು ಆಣೆಯಿಟ್ಟು ಹೇಳುತ್ತಾಳೆ. ಕೂಡಲೇ ಅತಿಥಿಯ ತಲೆಗೆ ಹಾಕಬೇಕಾದ ಗೋಧಿಯನ್ನು ಎರಡು ಬೊಗಸೆ ತುಂಬಿ ತೊಟ್ಟಿಗೆ ಸುರಿದಳು.

ರಾದೆಂಕೊ ಎದ್ದು ಬಂದಾಗ ಪಂಪಿನ ಬಾಯಿಗೆ ಗೋಧಿ ಸಿಕ್ಕಿ ಅದು ಆಸ್ತಮಾದವರಂತೆ ಉಬ್ಬಸ ಪಡುತ್ತಿತ್ತು.

"ಅಯ್ಯೋ ಅತ್ತೆ! ಏನ್ ಮಾಡಿದ್ರಿ?"

"ನಿನ್ನ ಮನೆ ಉದ್ಧಾರ ಮಾಡಿದೆ. ಒಬ್ರಾದ್‌ಗೆ ಎರಡೇ ಕಾಲು. ಇವನಿಗೆ ಹತ್ತು. ಎಷ್ಟು ಪಟ್ಟು ಕಾಲ್ಗುಣ ಅಂತ ನೀನೇ ಗುಣಿಸ್ಕೋ, ಮೀಟರ್ ಓದೋನು ತಾನೇ?"

ವಿಷಯ ಇಷ್ಟಕ್ಕೆ ನಿಂತಿದ್ದರೆ ಏನೋ ಆಗುತ್ತಿತ್ತು. ಆದರೆ ಅದೇ ಮಧ್ಯಾಹ್ನ, ಮೂರು ವರ್ಷದಿಂದ ಕೆಟ್ಟು ನಿಂತಿದ್ದ ಕಟ್ಟಡದ ಲಿಫ್ಟು ತಾನಾಗಿಯೇ ಗುರ್ ಎಂದು ಮೇಲೆ ಹೊರಟಿತು. ಬಂದು ನಿಂತದ್ದು ನಾಲ್ಕನೇ ಮಹಡಿಯಲ್ಲಿ. ಬಾಗಿಲು ತೆರೆದುಕೊಂಡಿತು. ಒಳಗೆ ಯಾರೂ ಇರಲಿಲ್ಲ.

"ನೋಡಿದ್ರಾ?" ಎಂದಳು ಸ್ತಮೆಂಕಾ.

ಆಮೇಲೆ ಕೇಳಬೇಕೆ! ಮರುದಿನದಿಂದ ಮನೆಗೆ ಜನ. ಒಂದನೇ ಮಹಡಿಯವಳು ಮಗಳ ಮದುವೆ ಕೂಡಿಬರಲೆಂದು ಬಂದಳು. ಆರನೇ ಮಹಡಿಯ ನಿವೃತ್ತ ಪೊಲೀಸಿನವನು ಮೊಣಕಾಲು ನೋವಿಗೆ ಬಂದ. "ಕಾಲಿನ ಕಾಯಿಲೆಗೆ ಇವನೇ ಸರಿ, ಹತ್ತು ಕಾಲು ನಿಭಾಯಿಸ್ತಾನೆ" ಎಂದು ಗಾಜಿಗೆ ಮೊಣಕಾಲು ಒತ್ತಿ ಹತ್ತು ನಿಮಿಷ ನಿಂತ. ಬಂದವರಿಗೆಲ್ಲ ಹಣ್ಣಿನ ಸಾರಾಯಿ ರಾಕಿಯಾ, ಮಾಂಸ ತುಂಬಿದ ಎಲೆಕೋಸಿನ ಸುರುಳಿ, ಹುರಿದ ಹಂದಿ, ಅಕ್ರೋಟಿನ ಕೇಕು. ಹಬ್ಬದ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಲಾದೀತೇ? ಸುರುಳಿ ಸುತ್ತುವವಳು ಒಬ್ಬಳೇ. ಮೂರನೇ ದಿನಕ್ಕೆ ದೆಸಾಂಕಾಳ ಉಪ್ಪು ಹಾಕಿದ ಎಲೆಕೋಸಿನ ಪೀಪಾಯಿ ತಳ ಕಂಡಿತು.

"ರಾದೆಂಕೊ, ಇರುತ್ತೋ ಹೋಗುತ್ತೋ?"

"ಫೋಟೋ ಹಾಕಿದ್ದೀನಿ ಕಣೇ. ಉತ್ತರ ಬರ್ತಾ ಇದೆ."

ಉತ್ತರ ಬಂದಿತ್ತು. ಮೀನುತೊಟ್ಟಿಯವರ ಗುಂಪಿನಲ್ಲಿ ನಲವತ್ತಮೂರು ಜನ ಬರೆದಿದ್ದರು. ಹತ್ತೊಂಬತ್ತು ಜನ ಇದು ಪಾಚಿ ಮೇಯುವ ಪರಮ ಸಾಧು ಎಂದಿದ್ದರು. ಹತ್ತೊಂಬತ್ತು ಜನ ಕೊಲೆಗಾರ, ಇವತ್ತೇ ತೆಗೆ ಎಂದಿದ್ದರು. ಈ ಮೂವತ್ತೆಂಟು ಜನ ಆಮೇಲೆ ತಮ್ಮತಮ್ಮಲ್ಲೇ ಬೈದಾಡಿಕೊಂಡು, ಒಬ್ಬನ ತಾಯಿಯವರೆಗೂ ಹೋಗಿದ್ದರು. ಮೂವರು ಹಿಂದೆ ಕಾಣುವ ಪರದೆ ಎಲ್ಲಿ ಕೊಂಡಿರಿ ಎಂದು ಕೇಳಿದ್ದರು. ಒಬ್ಬ ಬೆಳ್ಳುಳ್ಳಿ ಹಾಕಿ ಬೇಯಿಸು ಎಂದಿದ್ದ. ಕೊನೆಯವನ ಹೆಸರು ಒಬ್ರಾದ್. ಅವನು ಬರೆದಿದ್ದ: "ಏಡಿಯನ್ನು ಗುರುತಿಸುವುದು ಸುಲಭ. ಅದನ್ನು ಕೂಮನಿಗಿಂತ ಮೇಲೆ ಕೂರಿಸಿದವನನ್ನು ಯಾವ ಜಾತಿಗೆ ಸೇರಿಸುವುದು?" ಈ ಉತ್ತರಕ್ಕೇ ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚುಗೆ ಒತ್ತಿದ್ದರು.

ನಾಲ್ಕನೇ ದಿನ ಸಿಗಡಿ ಕಾಣಲಿಲ್ಲ. ಮೀಸೆ ಮಾತ್ರ ಒಂದು ಮೂಲೆಯಲ್ಲಿ ತೇಲುತ್ತಿತ್ತು.

"ಅತ್ತೆ, ನಿಮ್ಮ ಅತಿಥಿ ನನ್ನ ಸಿಗಡಿ ತಿಂದಿದ್ದಾನೆ."

"ಕಂಡಿದ್ಯಾ?"

"ಕಾಣೋದು ಹೇಗೆ? ನೀವು ಗಾಜಿನ ಮೇಲೆ ಕಸೂತಿ ಬಟ್ಟೆ ಇಳಿಬಿಟ್ಟಿದ್ದೀರಲ್ಲ!"

"ಊಟ ಮಾಡೋರನ್ನ ದಿಟ್ಟಿಸಬಾರದು. ನಿನಗಂತೂ ಯಾರೂ ಸಂಸ್ಕಾರ ಕಲಿಸಿಲ್ಲ" ಎಂದು ಮುದುಕಿ ಹೆಣಿಗೆ ಮುಂದುವರಿಸಿದಳು. ಮೊದಲ ಅತಿಥಿಗೆ ಉಣ್ಣೆಯ ಕಾಲುಚೀಲ ಕೊಡುವುದು ಪದ್ಧತಿ. ಒಬ್ರಾದ್‌ಗೆ ವರ್ಷಕ್ಕೊಂದು ಜೊತೆ ಹೆಣೆಯುತ್ತಿದ್ದವಳು ಈಗ ಹೆಬ್ಬೆರಳ ಉದ್ದದ ಐದು ಜೊತೆ ಹೆಣೆಯುತ್ತಿದ್ದಳು. ಈ ಸುದ್ದಿ ಟೈರ್ ಅಂಗಡಿಗೆ ತಲುಪಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಬ್ರಾದ್ ಫೋನ್ ಮಾಡಿದ.

"ನನಗೆ ಒಂದು ಜೊತೆ! ಅದಕ್ಕೆ ಐದಾ?"

"ಕಾಲಿನ ಲೆಕ್ಕ ಕೂಮಾ, ಪ್ರೀತಿಯ ಲೆಕ್ಕ ಅಲ್ಲ..."

ಒಬ್ರಾದ್ ಫೋನನ್ನು ಇಟ್ಟ ಸದ್ದು ನಾಲ್ಕನೇ ಮಹಡಿಗೆ ಫೋನಿಲ್ಲದೆಯೂ ಕೇಳುತ್ತಿತ್ತು.

ಐದನೇ ದಿನ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ ವೆಲಿಸಾವ್ ಬಂದ. ರೈಲ್ವೆಯ ನಿವೃತ್ತ ಗುಮಾಸ್ತ. ಕೈಯಲ್ಲಿ ದಫ್ತರವಿಲ್ಲದೆ ಅವನನ್ನು ಕಂಡವರಿಲ್ಲ.

"ರಾದೆಂಕೊ, ನಿಮ್ಮಲ್ಲಿ ಹೊಸದಾಗಿ ಒಬ್ಬರು ಬಂದಿದ್ದಾರಂತೆ."

"ಏಡಿ ವೆಲಿಸಾವ್, ಏಡಿ."

"ಯಾರು ಅಂತ ನಾನು ಕೇಳಲಿಲ್ಲ. ಎಷ್ಟು ದಿನ ಇರ್ತಾರೆ?"

"ಮುಂದಿನ ಕ್ರಿಸ್ಮಸ್ಸಿನವರೆಗೆ!" ಎಂದಳು ಒಳಗಿಂದ ಸ್ತಮೆಂಕಾ.

ವೆಲಿಸಾವ್ ಕನ್ನಡಕ ಏರಿಸಿದ. "ಮೂವತ್ತು ದಿನದೊಳಗಾದರೆ ಅತಿಥಿ. ದಾಟಿದರೆ ನಿವಾಸಿ. ನಿವಾಸಿಯಾದರೆ ಪಟ್ಟಿಯಲ್ಲಿ ಬರಬೇಕು. ಹೆಸರು?"

"ಹೆಸರಿಲ್ಲ."

"ಹುಟ್ಟಿದ ಊರು?"

"ಯಾವುದೋ ಸಮುದ್ರ."

"ಹೆಸರಿಲ್ಲ, ಊರಿಲ್ಲ. ಇಂಥವರನ್ನ ಮನೇಲಿ ಇಟ್ಕೊಂಡಿದ್ದೀರಿ." ದಫ್ತರದಲ್ಲಿ ಏನೋ ಬರೆದುಕೊಂಡ. "ಮೊದಲು ಯಾರು ಅಂತ ಗುರುತಿಸಿ. ಆಮೇಲೆ ನನಗೆ ಬರವಣಿಗೆಯಲ್ಲಿ ಕೊಡಿ."

"ಅದನ್ನೇ ನಾನೂ ಹೇಳ್ತಿರೋದು!" ಎಂದು ರಾದೆಂಕೊ ಸಂತೋಷದಿಂದ ಅವನ ಕೈ ಕುಲುಕಿದ. ಇಡೀ ಚಾಚಕ್‌ನಲ್ಲಿ ತನ್ನನ್ನು ಅರ್ಥ ಮಾಡಿಕೊಂಡವನು ಒಬ್ಬನಾದರೂ ಸಿಕ್ಕನಲ್ಲ! ವೆಲಿಸಾವ್ ಮೂರು ತಟ್ಟೆ ಸುರುಳಿ ತಿಂದು ಹೋದ.

ದೆಸಾಂಕಾ ತಟ್ಟೆ ತೊಳೆಯುತ್ತ, ತಿರುಗದೆಯೇ ಕೇಳಿದಳು. "ಇರುತ್ತೋ ಹೋಗುತ್ತೋ?"

"ಹದಿನಾಲ್ಕಕ್ಕೆ ಟೀಚರನ್ನ ಕರೆಸ್ತೀನಿ. ಎಲ್ಲರ ಮುಂದೆ ಗುರುತಿಸ್ತಾರೆ. ಅಲ್ಲಿಗೆ ಮುಗೀತು."

ಎರಡನೇ ಮಹಡಿಯ ಲ್ಯುಬಿಂಕಾ ಟೀಚರು ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವರು. ಅವರನ್ನು ಕಂಡರೆ ಈಗಲೂ ಅರ್ಧ ಊರು ಸಿಗರೇಟು ಬಚ್ಚಿಡುತ್ತದೆ. ರಾದೆಂಕೊ ಅವರನ್ನು ಒಪ್ಪಿಸಿದ. ಅತ್ತೆಗೆ ಹೇಳಿದ: "ಸಾಧು ಅಂತ ಆದ್ರೆ ವರ್ಷಪೂರ್ತಿ ಇರ್ತಾನೆ, ನಾನು ತುಟಿ ಎರಡು ಮಾಡಲ್ಲ." ಒಬ್ರಾದ್‌ಗೆ ಫೋನಿನಲ್ಲಿ ಹೇಳಿದ: "ಕಳ್ಳ ಅಂತ ಆದ್ರೆ ಅವತ್ತೇ ಹೊರಗೆ. ನಿನ್ನ ಜಾಗ ನಿನಗೆ. ಬಾ ಕೂಮಾ." ಇಬ್ಬರಿಗೂ ತಾನು ಅವರ ಕಡೆ ಎಂದು ಮಾತು ಕೊಟ್ಟ. ಹೆಂಡತಿಗೆ ಹೇಳಿದ: "ಯಾವುದಕ್ಕೂ ಇರಲಿ, ಹತ್ತು ಜನಕ್ಕೆ ಅಡುಗೆ ಮಾಡಿರು."

ಅಷ್ಟರಲ್ಲಿ ಕಿತ್ತಳೆ ಮೀನುಗಳಲ್ಲಿ ಒಂದು ಮಾಯವಾಗಿತ್ತು.

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ನ್ಯಾಯಸ್ಥಾನ ಕೂಡಿತು. ಲ್ಯುಬಿಂಕಾ ಟೀಚರು ಭೂತಗನ್ನಡಿ, ದಪ್ಪ ಪುಸ್ತಕ ಹಿಡಿದು ಸೋಫಾದ ನಡುವೆ. ವೆಲಿಸಾವ್ ದಫ್ತರದ ಜೊತೆ ಬಲಕ್ಕೆ. ಸ್ತಮೆಂಕಾ ಹೆಣಿಗೆಯ ಜೊತೆ ಎಡಕ್ಕೆ. ಒಬ್ರಾದ್ ಬಂದಿದ್ದ, ಆದರೆ ಹೊಸ್ತಿಲು ತುಳಿಯುವುದಿಲ್ಲವೆಂದು ಶಪಥ ಮಾಡಿದ್ದರಿಂದ ಬಾಗಿಲಾಚೆ, ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ರಾಕಿಯಾ ಮಾತ್ರ ಹೊಸ್ತಿಲು ದಾಟಿ ದಾಟಿ ಅವನಿಗೆ ಹೋಗುತ್ತಿತ್ತು.

ರಾದೆಂಕೊ ಒಂದು ಗಾಜಿನ ಲೋಟದ ತಳಕ್ಕೆ ಸಿಗಡಿ ಚೂರು ಹಾಕಿ, ತೊಟ್ಟಿಯೊಳಗೆ ಕಲ್ಲಿಗೆ ಓರೆಯಾಗಿ ಒರಗಿಸಿದ. ಏಡಿ ವಾಸನೆ ಹಿಡಿದು ಲೋಟಕ್ಕಿಳಿಯುತ್ತದೆ. ನುಣುಪು ಗಾಜು ಹತ್ತಲಾಗದೆ ಅಲ್ಲೇ ಉಳಿಯುತ್ತದೆ.

"ಏನದು?" ಎಂದಳು ಸ್ತಮೆಂಕಾ.

"ಹೊಸವರ್ಷದ ಊಟ ಅತ್ತೆ, ಅತಿಥಿಗೆ."

"ಲೋಟದಲ್ಲಿ ಯಾರಾದ್ರೂ ಊಟ ಹಾಕ್ತಾರಾ?" ಎಂದಳಾದರೂ ತಡೆಯಲಿಲ್ಲ. ಅಳಿಯ ಮೊದಲ ಸಲ ಅತಿಥಿಗೆ ಊಟ ಹಾಕಿದ್ದ.

ಅರ್ಧ ಗಂಟೆಗೆ ಏಡಿ ಲೋಟದಲ್ಲಿತ್ತು. ರಾದೆಂಕೊ ಲೋಟವನ್ನು ಮೇಲೆತ್ತಿ ಮೇಜಿನ ಮೇಲಿಟ್ಟ. ಟೀಚರು ಭೂತಗನ್ನಡಿ ಹಿಡಿದರು.

"ಕೈ ತುದಿ ಚಮಚದ ಹಾಗಿದ್ರೆ ಪಾಚಿ ತಿನ್ನೋದು. ಚಾಕು ಹಾಗಿದ್ರೆ ಮಾಂಸ" ಎಂದರು ಟೀಚರು.

"ಹೇಗಿದೆ? ಹೇಗಿದೆ?" ಮೆಟ್ಟಿಲಿನಿಂದ ಒಬ್ರಾದ್.

"ಕೈಯೆತ್ತಿ ಕೇಳು ಒಬ್ರಾದ್. ಏಳನೇ ಕ್ಲಾಸಲ್ಲೂ ನಿನಗೆ ಇದೇ ಚಟ."

ಒಬ್ರಾದ್ ಕೈಯೆತ್ತಿದ.

"ಚಾಕು" ಎಂದರು ಟೀಚರು. "ತುದಿ ಕಪ್ಪು. ಮೈಯೆಲ್ಲ ರೋಮ. ಶುದ್ಧ ಕಳ್ಳ. ನಿನ್ನ ಸಿಗಡಿ, ಮೀನು ಎಲ್ಲ ಇದೇ ತಿಂದಿರೋದು."

"ಗೆದ್ದೆ!" ಒಬ್ರಾದ್ ಎದ್ದ ರಭಸಕ್ಕೆ ಕುರ್ಚಿ ಮೂರನೇ ಮಹಡಿಯವರೆಗೆ ಉರುಳಿತು.

"ಏನ್ ಗೆದ್ದಿದ್ದು?" ಸ್ತಮೆಂಕಾ ಹೆಣಿಗೆಯಿಂದ ತಲೆಯನ್ನೇ ಎತ್ತಲಿಲ್ಲ. "ಅತಿಥಿ ತಿಂದ. ಅತಿಥಿ ಅಂದ್ಮೇಲೆ ತಿನ್ನಬಾರದಾ? ನೀನು ಹದಿನೆಂಟು ವರ್ಷ ನಮ್ಮನೆ ಹಂದಿ ತಿಂದೆ. ಯಾರಾದ್ರೂ ಭೂತಗನ್ನಡಿ ಹಿಡಿದು ನಿನ್ನ ಹಲ್ಲು ನೋಡಿದ್ರಾ?"

ಸಭೆ ತಬ್ಬಿಬ್ಬಾಯಿತು. ಎಂಟು ದಿನ ಎಲ್ಲರೂ ಕಾದಿದ್ದ ಉತ್ತರ ಸಿಕ್ಕಿತ್ತು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ವೆಲಿಸಾವ್ ಪೆನ್ನು ಹಿಡಿದು ಕೂತೇ ಇದ್ದ. "ಸಾಧುನೋ ಕಳ್ಳನೋ ಅನ್ನೋ ಕಾಲಂ ನನ್ನ ಫಾರಂನಲ್ಲಿ ಇಲ್ಲ. ಗಂಡೋ ಹೆಣ್ಣೋ ಅಂತ ಇದೆ. ಅದು ಹೇಳಿ."

"ಗಂಡು" ಎಂದಳು ಸ್ತಮೆಂಕಾ. "ಮೊದಲ ಅತಿಥಿ ಗಂಡೇ ಆಗಬೇಕು. ಹೆಂಗಸು ಮೊದಲು ಕಾಲಿಟ್ರೆ ಮನೆ ಮಣ್ಣುಪಾಲು."

ಟೀಚರು ಲೋಟವನ್ನು ಎತ್ತಿ ಕೆಳಗಿನಿಂದ ನೋಡಿದರು. "ಹೊಟ್ಟೆ ಮೇಲಿನ ಮುಚ್ಚಳ ಸಣ್ಣಗಿದ್ರೆ ಗಂಡು" ಎಂದರು. ಇನ್ನೊಮ್ಮೆ ನೋಡಿದರು. "ಇದು ಅಗಲ ಇದೆ." ಮತ್ತೊಮ್ಮೆ ನೋಡಿದರು. "ಅದರ ಕೆಳಗೆ ಮೊಟ್ಟೆ ಇದೆ. ಒಂದು ಎರಡು ಸಾವಿರ ಇರಬಹುದು."

ಹೆಣಿಗೆ ಕಡ್ಡಿ ನೆಲಕ್ಕೆ ಬಿತ್ತು.

"ಹೆಣ್ಣಾ?"

"ಹೆಣ್ಣು. ಬಸುರಿ."

ಸ್ತಮೆಂಕಾ ಮೂರು ಸಲ ಶಿಲುಬೆ ಗುರುತು ಹಾಕಿಕೊಂಡಳು. "ನಾನಾಗಲೇ ಅಂದ್ಕೊಂಡೆ! ಆ ಲಿಫ್ಟು! ಖಾಲಿ ಲಿಫ್ಟು ನಾಲ್ಕನೇ ಮಹಡಿಗೆ ಯಾಕೆ ಬಂತು? ನನ್ನನ್ನ ಕರ್ಕೊಂಡು ಹೋಗೋಕೆ! ಎಲೆಕೋಸಿನ ಪೀಪಾಯಿ ಜನವರಿಲೇ ಖಾಲಿ ಆಯ್ತು! ಪೊಲೀಸಿನವನ ಇನ್ನೊಂದು ಮೊಣಕಾಲೂ ಹಿಡ್ಕೊಂಡಿದೆಯಂತೆ!"

"ಚಿಂತೆ ಬಿಡಿ ಅಜ್ಜಿ, ನಾನಿದ್ದೀನಿ" ಎಂದು ಒಬ್ರಾದ್ ಶಪಥ ಮರೆತು ಒಳಗೆ ನುಗ್ಗಿದ. "ಅದನ್ನ ಹೊರಗೆ ಹಾಕಿ. ನಾನು ಮತ್ತೆ ಮೊದಲಿಂದ ಬರ್ತೀನಿ. ಬಲಗಾಲಿಟ್ಟು."

"ಮೊದಲು ಅನ್ನೋದು ಎರಡು ಸಲ ಬರುತ್ತೇನೋ, ಪೆದ್ದ? ವರ್ಷ ಹೋಯ್ತು. ಈ ಮನೇಲಿ ಇನ್ನು ನನಗೆ ಒಂದು ಲೋಟ ನೀರೂ ಬೇಡ. ಕ್ರಾಲ್ಯೆವೊದಲ್ಲಿ ನನ್ನ ಚಿಕ್ಕ ಮಗಳ ಮನೆಗೆ ಮೊದಲು ಕಾಲಿಟ್ಟಿದ್ದು ಗಂಡಸು. ಎಂಥ ಗಂಡಸು ಅಂತೀರಿ, ಮೀಸೆ ಇರೋ ಗಂಡಸು!" ಎಂದು ಮುದುಕಿ ಪೆಟ್ಟಿಗೆ ತುಂಬಲು ಹೊರಟಳು.

ಹನ್ನೆರಡೂವರೆಯ ಬಸ್ಸು ಇತ್ತು. ಟೀಚರು ಪುಸ್ತಕ ಮುಚ್ಚಿಕೊಂಡು ಇಳಿದು ಹೋದರು. ವೆಲಿಸಾವ್ ದಫ್ತರ ಮಡಚುತ್ತ, "ಮೊಟ್ಟೆ ಒಡೆದ ಮೇಲೆ ಒಟ್ಟು ಸಂಖ್ಯೆ ತಿಳಿಸಿ" ಎಂದು ಹೊರಟ. ಕೋಣೆಯಲ್ಲಿ ಒಬ್ರಾದ್, ರಾದೆಂಕೊ, ರಾದೆಂಕೊನ ಕೈಯಲ್ಲಿ ಲೋಟ, ಲೋಟದಲ್ಲಿ ಏಡಿ ಉಳಿದರು. ದೆಸಾಂಕಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಗುರುತಿಸಿದ್ದಾಯ್ತು. ಈಗ ಹೇಳು ರಾದೆಂಕೊ. ಇರುತ್ತೋ ಹೋಗುತ್ತೋ?"

ಒಬ್ರಾದ್ ಕೂಮನ ಮುಖ ನೋಡಿದ. ಏಡಿಯೂ ಅವನ ಕಡೆಗೇ ತಿರುಗಿತ್ತು. ರಾದೆಂಕೊ ಲೋಟವನ್ನು ಬೆಳಕಿಗೆ ಹಿಡಿದ. ಅವನ ಕಣ್ಣಲ್ಲಿ ಹೊಸ ಹೊಳಪು ಕಾಣಿಸಿಕೊಂಡಿತು.

"ಈಗ ಮೊಟ್ಟೆ ಇದೆಯಲ್ಲ ದೆಸಾಂಕಾ. ತಂದೆ ಯಾವ ಜಾತಿ ಅಂತ ಗೊತ್ತಾಗದೆ... ಒಂದು ಫೋಟೋ ಹಾಕಿ ಮೊದಲು..."

ದೆಸಾಂಕಾ ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ನೇತುಹಾಕಿದಳು. ಕೋಟು ತೊಟ್ಟಳು.

"ಅಮ್ಮನ್ನ ಬಸ್ ಹತ್ತಿಸಿ ಬರ್ತೀನಿ" ಎಂದಳು.

"ಹ್ಞೂಂ, ಹೋಗ್ಬಾ" ಎಂದ ರಾದೆಂಕೊ, ಫೋನನ್ನು ಲೋಟದ ಹತ್ತಿರ ಹಿಡಿಯುತ್ತ. "ಸುರುಳಿ ಎಲ್ಲಿಟ್ಟಿದ್ದೀಯ?"

"ಒಲೆ ಮೇಲೆ. ಕಡೇ ಪಾತ್ರೆ."

ಕೂಮರಿಬ್ಬರೂ ಒಂದಾದರು. ಎಂಟು ದಿನದ ಮುನಿಸು ಒಂದು ಬಾಟಲಿಯಲ್ಲಿ ಕರಗಿತು. ಏಡಿ ಮತ್ತೆ ತೊಟ್ಟಿಗಿಳಿಯಿತು, ಬಾಣಂತನ ಮುಗಿಯುವವರೆಗೆ ಎಂದು ಒಪ್ಪಂದವಾಯಿತು. ಹತ್ತು ಜನರ ಅಡುಗೆಯನ್ನು ಇಬ್ಬರೇ ಉಂಡರು. ಒಬ್ರಾದ್ ಸೋಫಾದಲ್ಲಿ ಒಂದು ನಿದ್ದೆಯನ್ನೂ ಮುಗಿಸಿದ.

ನಾಲ್ಕೂವರೆಗೆ ಕತ್ತಲಾಯಿತು. ತೊಟ್ಟಿಯ ದೀಪ ತಾನಾಗಿ ನೀಲಿಗೆ ತಿರುಗಿತು.

"ಕಾಫಿ ಮಾಡೋಕೆ ಹೇಳು" ಎಂದ ಒಬ್ರಾದ್, ಕಣ್ಣು ಬಿಡದೆ.

"ಬಂದಿಲ್ಲ ಇನ್ನೂ."

"ಬಸ್ಸು ತಡ ಆಗಿರ್ಬೇಕು. ಬರ್ತಾಳೆ ಬಿಡು. ಇಲ್ಲೇ ಅಲ್ವಾ ನಿಲ್ದಾಣ, ಹತ್ತು ನಿಮಿಷ."

ರಾದೆಂಕೊ ಎದ್ದು ಬಾಗಿಲವರೆಗೆ ಹೋದ. ಮೆಟ್ಟಿಲಲ್ಲಿ ಯಾರ ಸದ್ದೂ ಇಲ್ಲ. ಲಿಫ್ಟು ನಿಂತಿತ್ತು. ಬಾಗಿಲ ಬದಿಯಲ್ಲಿ ಮನೆಯೊಳಗೆ ಹಾಕುವ ಚಪ್ಪಲಿಗಳ ಸಾಲು. ಅವನ ಜೋಡಿ ಕಾಲಲ್ಲಿತ್ತು. ಅತ್ತೆಯದು ಪೆಟ್ಟಿಗೆಯಲ್ಲಿ ಹೋಗಿತ್ತು, ಸರಿ. ಅದರ ಪಕ್ಕದ, ದೆಸಾಂಕಾಳ ಜಾಗವೂ ಖಾಲಿ ಇತ್ತು.

ಬಸ್ಸು ಹತ್ತಿಸಿ ಬರುವವರು ಮನೆಯ ಚಪ್ಪಲಿಯನ್ನು ಜೊತೆಗೆ ಕೊಂಡೊಯ್ಯುವುದಿಲ್ಲ. ಇದನ್ನು ಗುರುತಿಸಲು ರಾದೆಂಕೊಗೆ ಭೂತಗನ್ನಡಿ ಬೇಕಾಗಲಿಲ್ಲ.